ಮನೆಯ ಕಂಪ್ಯೂಟರ್‌ಗೆ ಸರ್ವರ್ ಓಎಸ್ ಬೇಕಾ, ಡೆಸ್ಕ್‌ಟಾಪ್ ಓಎಸ್ ಸಾಕಾ?

ಶಿರಸಿ, ಕುಮಟಾ, ಕಾರವಾರದ ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮನೆಯಲ್ಲಿ ಎಂಟು ಹತ್ತು ವರ್ಷದ ಹಳೇ ಕಂಪ್ಯೂಟರ್ ಇದೆ. ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಹೋದರೆ ಆ ಯಂತ್ರ ಒಪ್ಪುವುದಿಲ್ಲ. ಅಷ್ಟರಲ್ಲಿ ಪರಿಚಯದವರು ಯಾರೋ, "ಸರ್ವರ್ ಓಎಸ್ ಹಾಕಿಬಿಡಿ, ಹ್ಯಾಂಗ್ ಆಗುವುದೇ ಇಲ್ಲ, ವರ್ಷಗಟ್ಟಲೆ ಓಡ್ತದೆ" ಅಂದಿರುತ್ತಾರೆ. ಹಾಕಬಹುದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್ ಆದರೆ ಡೆಸ್ಕ್‌ಟಾಪ್ ಓಎಸ್ ಹಾಕಿ. ಸರ್ವರ್ ಓಎಸ್ ಏನಿದ್ದರೂ ಎರಡನೇ ಯಂತ್ರಕ್ಕೆ. ಅದನ್ನೂ ನಮ್ಮ ಜಿಲ್ಲೆಯ ಮಳೆ, ಸಿಡಿಲು, ಕರೆಂಟು ನೋಡಿಕೊಂಡೇ ಹಾಕಬೇಕು. ಯಾಕೆ, ಹೇಗೆ ಅನ್ನುವುದನ್ನು ಒಂದೊಂದೇ ಹಂತವಾಗಿ ನೋಡೋಣ.

ಮೊದಲು ಎರಡು ಶಬ್ದ. ಓಎಸ್ ಅಂದರೆ ಆಪರೇಟಿಂಗ್ ಸಿಸ್ಟಮ್. ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ಇದ್ದು ಎಲ್ಲವನ್ನೂ ನಡೆಸುವುದು ಇದೇ. ಸರ್ವರ್ ಅನ್ನುವ ಶಬ್ದ ನಿಮಗೆ ಹೊಸದಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತುವಾಗ "ಇವತ್ತು ಸರ್ವರ್ ಇಲ್ಲ" ಅನ್ನುವುದನ್ನು ಕೇಳಿದ್ದೀರಲ್ಲ, ಅದೇ. ಎಲ್ಲೋ ಒಂದು ಕಡೆ ಸದಾ ಓಡುತ್ತಾ, ಬೇರೆ ಯಂತ್ರಗಳು ಕೇಳಿದ್ದನ್ನು ಕೊಡುತ್ತಾ ಇರುವ ಕಂಪ್ಯೂಟರ್. ಅದರ ಮುಂದೆ ಸಾಮಾನ್ಯವಾಗಿ ಯಾರೂ ಕೂರುವುದಿಲ್ಲ. ಈ ಮಾತು ನೆನಪಿರಲಿ, ಮುಂದಿನ ಎಲ್ಲಾ ತೀರ್ಮಾನಕ್ಕೂ ಇದೇ ಬುಡ.

1. ಯಂತ್ರದ ಮುಂದೆ ಯಾರು ಕೂರುತ್ತಾರೆ?

ಒಂದು ವಾರ ಸುಮ್ನೆ ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಡಿ. ಮಗಳ ಆನ್‌ಲೈನ್ ಕ್ಲಾಸು, ಅಪ್ಪಯ್ಯ ನೋಡುವ ಯಕ್ಷಗಾನದ ವಿಡಿಯೊ, ಅಡಿಕೆ ಮಂಡಿಯ ದರ, ಬ್ಯಾಂಕಿನ ಕೆಲಸ, ಪಹಣಿ ಪ್ರಿಂಟು, ಬೆಂಗಳೂರಲ್ಲಿರುವ ಮಗನ ಜೊತೆ ವಿಡಿಯೊ ಕರೆ. ಇವೆಲ್ಲ ಎದುರು ಕೂತು ಮಾಡುವ ಕೆಲಸ. ಪರದೆ, ದನಿ, ಕ್ಯಾಮೆರಾ, ಕೀಬೋರ್ಡು ಎಲ್ಲಾ ಬೇಕು. ಇದು ಡೆಸ್ಕ್‌ಟಾಪ್ ಪಟ್ಟಿ.

ಇನ್ನೊಂದು ಪಟ್ಟಿಯೂ ಇರಬಹುದು. ಮನೆಯವರ ನಾಲ್ಕೂ ಫೋನಿನ ಫೋಟೊ ಒಂದೇ ಕಡೆ ಇಡುವುದು, ಟಿವಿಗೆ ಸಿನಿಮಾ ಕಳಿಸುವುದು, ಸಿಸಿ ಕ್ಯಾಮೆರಾ ದಾಖಲೆ, ಅಂಗಡಿಯ ಲೆಕ್ಕದ ಫೈಲನ್ನು ಎರಡು ಮೂರು ಕಂಪ್ಯೂಟರ್‌ನಿಂದ ತೆರೆಯುವುದು. ಇದು ಯಾರೂ ಎದುರು ಕೂರದೆ ನಡೆಯುವ ಕೆಲಸ, ಸರ್ವರ್ ಪಟ್ಟಿ.

ಹೆಚ್ಚಿನ ಮನೆಗಳಲ್ಲಿ ಮೊದಲ ಪಟ್ಟಿ ಉದ್ದ, ಎರಡನೆಯದರಲ್ಲಿ ಒಂದೋ ಎರಡೋ ಸಾಲು. ಹಾಗಿದ್ದರೆ ನಿಮ್ಮ ತೀರ್ಮಾನ ಇಲ್ಲಿಗೇ ಮುಗಿಯಿತು. ಡೆಸ್ಕ್‌ಟಾಪ್ ಓಎಸ್ ಹಾಕಿ, ಆ ಒಂದೆರಡು ಸರ್ವರ್ ಕೆಲಸವನ್ನು ಅದರಿಂದಲೇ ಮಾಡಿಸಬಹುದು. 5ನೇ ಹಂತದಲ್ಲಿ ಹೇಳಿದ್ದೇನೆ.

2. 'ಸರ್ವರ್ ಓಎಸ್ ಜೋರು' ಅನ್ನುವ ಮಾತು

ಇದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ತಪ್ಪು ತಿಳುವಳಿಕೆ ಜಾಸ್ತಿ ಇರುವುದು ಇಲ್ಲೇ.

ಉಬುಂಟು ತೆಗೆದುಕೊಳ್ಳಿ. ಇದು ಉಚಿತವಾಗಿ ಸಿಗುವ ಲಿನಕ್ಸ್ ಓಎಸ್. ಇದರಲ್ಲಿ ಡೆಸ್ಕ್‌ಟಾಪ್ ಅಂತ ಒಂದು, ಸರ್ವರ್ ಅಂತ ಒಂದು ಇದೆ. 2012ರ 12.04 ಆವೃತ್ತಿಯಿಂದ ಈಚೆಗೆ ಎರಡಕ್ಕೂ ಬೇರೆ ಬೇರೆ ಕರ್ನೆಲ್ ಇಲ್ಲ. ಕರ್ನೆಲ್ ಅಂದರೆ ಓಎಸ್‌ನ ತಿರುಳು, ಪ್ರೊಸೆಸರ್ ಮತ್ತು ಮೆಮೊರಿಯನ್ನು ಹಂಚುವ ಭಾಗ. ತಂತ್ರಾಂಶಗಳ ಉಗ್ರಾಣವೂ ಎರಡಕ್ಕೂ ಒಂದೇ. ಹಾಗಾದರೆ ವ್ಯತ್ಯಾಸ ಏನು? ಡೆಸ್ಕ್‌ಟಾಪ್‌ನಲ್ಲಿ ಕಿಟಕಿ, ಮೆನು, ಬ್ರೌಸರ್, ಆಫೀಸ್ ತಂತ್ರಾಂಶ ಎಲ್ಲಾ ಸೇರಿಸಿ ಕೊಟ್ಟಿರುತ್ತಾರೆ. ಸರ್ವರ್‌ನಲ್ಲಿ ಅದ್ಯಾವುದೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಒಂದು ಸಾಲು. ಅಷ್ಟೇ. ಹಗುರ ಅನ್ನಿಸುವುದು ಹೊತ್ತ ಹೊರೆ ಕಡಿಮೆ ಇರುವುದಕ್ಕೆ. ಅದರ ಮೇಲೆ ನೀವು ಡೆಸ್ಕ್‌ಟಾಪ್ ಹಾಕಿಕೊಂಡರೆ ಆ ಹೊರೆ ಪೂರ್ತಿ ವಾಪಸ್ ಬರುತ್ತದೆ. ಸುತ್ತಿ ಬಳಸಿ ಅಲ್ಲಿಗೇ ಬಂದ ಹಾಗೆ.

ಆ ಕಪ್ಪು ಪರದೆಯಲ್ಲಿ ನಮಗೆ ಇನ್ನೊಂದು ತೊಂದರೆ ಇದೆ. ಅಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ. 'ಅಡಿಕೆ ಲೆಕ್ಕ' ಅಂತ ಹೆಸರಿಟ್ಟ ಫೈಲು ಸಾಲಾಗಿ ಚೌಕ ಚೌಕವಾಗಿ ಕಾಣುತ್ತದೆ. ಫೈಲು ಹಾಳಾಗಿರುವುದಿಲ್ಲ, ಹೆದರಬೇಡಿ. ಬೇರೆ ಕಂಪ್ಯೂಟರ್‌ನಿಂದ ತೆರೆದರೆ ಸರಿಯಾಗೇ ಇರುತ್ತದೆ.

ಈಗ ವಿಂಡೋಸ್ ಸರ್ವರ್. ಇದನ್ನು ಡೆಸ್ಕ್‌ಟಾಪ್ ಮುಖದ ಜೊತೆಗೇ ಹಾಕಿಕೊಳ್ಳಬಹುದು. ನೋಡಲು ಮಾಮೂಲಿ ವಿಂಡೋಸ್ ಹಾಗೇ ಇರುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ. ಕೆಲವು ವರ್ಷದ ಹಿಂದೆ ನಾನೇ ಮನೆಯ ಕಂಪ್ಯೂಟರ್‌ಗೆ ಹಾಕಿದ್ದೆ. ಸಂಜೆ ಅಪ್ಪಯ್ಯ ವಿಡಿಯೊ ಕರೆಗೆ ಕೂತರು. ತಂಗಿಯ ಮುಖ ಕಂಡಿತು, ದನಿ ಬರಲಿಲ್ಲ. ಸ್ಪೀಕರ್ ವೈರು ತೆಗೆದು ಹಾಕಿ, ತೆಗೆದು ಹಾಕಿ ಅರ್ಧ ಗಂಟೆ ಹೋಯಿತು. ಸ್ಪೀಕರ್ ಸರಿಯಾಗೇ ಇತ್ತು. ಸರ್ವರ್‌ಗೆ ದನಿ ಬೇಕಾಗುವುದಿಲ್ಲ ಅಂತ ಅದರಲ್ಲಿ ಆಡಿಯೊ ಸೇವೆಯನ್ನು ಮೊದಲಿಗೆ ನಿಲ್ಲಿಸಿಟ್ಟಿರುತ್ತಾರೆ.

ವೈಫೈ ಕೂಡ ಹಾಗೇ. 2022ರವರೆಗಿನ ವಿಂಡೋಸ್ ಸರ್ವರ್‌ಗಳಲ್ಲಿ ಅದನ್ನು ನಾವೇ ಹುಡುಕಿ ಸೇರಿಸಿಕೊಳ್ಳಬೇಕು. ಪ್ರತಿ ಸಲ ಆಫ್ ಮಾಡುವಾಗ "ಯಾಕೆ ಆಫ್ ಮಾಡುತ್ತಿದ್ದೀರಿ" ಅಂತ ಕಾರಣ ಕೇಳುತ್ತದೆ. ಮನೆಬಳಕೆಯ ಎಷ್ಟೋ ಆಂಟಿವೈರಸ್‌ಗಳು ಸರ್ವರ್ ಅಂತ ಗೊತ್ತಾದ ಕೂಡಲೇ ಇನ್‌ಸ್ಟಾಲ್ ಆಗಲು ಒಪ್ಪುವುದಿಲ್ಲ.

ಎಚ್ಚರಿಕೆ: ವಿಂಡೋಸ್ ಸರ್ವರ್ ಉಚಿತ ಅಂತ ಯಾರಾದರೂ ಹೇಳಿದರೆ, ಅವರು ಹೇಳುತ್ತಿರುವುದು 180 ದಿನದ ಪರೀಕ್ಷಾ ಆವೃತ್ತಿಯ ಬಗ್ಗೆ. ನಂತರ ಲೈಸೆನ್ಸ್ ಬೇಕೇ ಬೇಕು. ಸ್ಟ್ಯಾಂಡರ್ಡ್ ಆವೃತ್ತಿಯ ಲೈಸೆನ್ಸನ್ನು ಪ್ರೊಸೆಸರ್‌ನ ಕೋರ್ ಲೆಕ್ಕದಲ್ಲಿ ಮಾರುತ್ತಾರೆ. ನಿಮ್ಮ ಯಂತ್ರದಲ್ಲಿ ನಾಲ್ಕೇ ಕೋರ್ ಇದ್ದರೂ ಕನಿಷ್ಠ 16 ಕೋರ್‌ಗೆ ಕಟ್ಟಬೇಕು. ಅದಕ್ಕೆ ಜೋಡಿಸಿಕೊಳ್ಳುವ ಬಳಕೆದಾರರಿಗೋ ಯಂತ್ರಗಳಿಗೋ ಬೇರೆ ಲೈಸೆನ್ಸ್. ಮನೆಗೆ ಇದು ಬೇಡವೇ ಬೇಡ.

3. ಯಂತ್ರದ ಕೈಯಲ್ಲಿ ಏನಾಗುತ್ತದೆ ನೋಡಿ

ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0, ಜೊತೆಗೆ ಅವರ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ರ್‍ಯಾಮ್ ಅಂದರೆ ಓಡುತ್ತಿರುವ ಕೆಲಸಕ್ಕೆ ಯಂತ್ರ ಬಳಸುವ ಮೆಮೊರಿ. ಟಿಪಿಎಂ ಅಂದರೆ ಗುಪ್ತ ಕೀಲಿಗಳನ್ನು ಭದ್ರವಾಗಿ ಇಡುವ ಚಿಪ್ಪು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಯದು ಆಗಬೇಕು. "ನಮ್ಮದು ಐ7, ಆಗೇ ಆಗ್ತದೆ" ಅನ್ನಬೇಡಿ. ಐ3-8100 ಆಗುತ್ತದೆ, ಐ7-4770 ಆಗುವುದಿಲ್ಲ. ನೋಡಬೇಕಾದದ್ದು ಅಡ್ಡಗೆರೆಯ ನಂತರದ ಅಂಕಿ. ಅನುಮಾನ ಇದ್ದರೆ ಮೈಕ್ರೋಸಾಫ್ಟ್‌ನವರ 'ಪಿಸಿ ಹೆಲ್ತ್ ಚೆಕ್' ಓಡಿಸಿ, ಹೌದೋ ಅಲ್ಲವೋ ಅಂತ ಅದೇ ಹೇಳುತ್ತದೆ.

ಆಗದಿದ್ದರೆ ಗಾಬರಿ ಬೇಡ. ವಿಂಡೋಸ್ 10ರಲ್ಲೇ ಇರುವವರು ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಬಹುದು. ಮನೆ ಬಳಕೆದಾರರಿಗೆ ಅದು ಸಿಗುವುದು 2026ರ ಅಕ್ಟೋಬರ್ 13ರವರೆಗೆ.

ಲಿನಕ್ಸ್ ಆದರೆ ಬೇಡಿಕೆ ಕಡಿಮೆ. ಉಬುಂಟು 24.04 ಡೆಸ್ಕ್‌ಟಾಪ್‌ಗೆ 4 ಜಿಬಿ ರ್‍ಯಾಮ್, 25 ಜಿಬಿ ಜಾಗ ಕೇಳುತ್ತಾರೆ. ಇನ್ನೊಂದು ಲಿನಕ್ಸ್ ಓಎಸ್ ಆದ ಲಿನಕ್ಸ್ ಮಿಂಟ್ 2 ಜಿಬಿಯಲ್ಲೂ ಏಳುತ್ತದೆ, ಆದರೆ ಆರಾಮಕ್ಕೆ 4 ಬೇಕು ಅಂತ ಅವರೇ ಹೇಳುತ್ತಾರೆ. ಬ್ರೌಸರ್‌ನಲ್ಲಿ ಹತ್ತು ಪುಟ ತೆರೆಯುವ ಮನೆಗೆ 8 ಜಿಬಿ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಯಂತ್ರ ನಿಧಾನ ಅನ್ನುವುದೇ ನಿಮ್ಮ ದೂರಾದರೆ, ಓಎಸ್ ಬದಲಿಸುವ ಮೊದಲು ಒಳಗೆ ಇರುವುದು ತಿರುಗುವ ಹಾರ್ಡ್‌ಡಿಸ್ಕಾ ನೋಡಿ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲ, ಬೇಕಾದ್ದನ್ನು ಕೂಡಲೇ ಓದಿ ಕೊಡುತ್ತದೆ. ಹಳೇ ಯಂತ್ರಕ್ಕೆ ಇದರಷ್ಟು ಜೀವ ತುಂಬುವುದು ಬೇರೆ ಯಾವುದೂ ಇಲ್ಲ. ಸರ್ವರ್ ಓಎಸ್‌ನಿಂದ ಏನು ಸಿಗುತ್ತದೆ ಅಂದುಕೊಂಡಿದ್ದಿರೋ, ಅದು ನಿಜಕ್ಕೂ ಸಿಗುವುದು ಇದರಿಂದ.

4. ಡೆಸ್ಕ್‌ಟಾಪ್ ಅಂತಾದರೆ ಯಾವುದು?

ಅಂಗಡಿಗೆ ಟ್ಯಾಲಿ ಬೇಕು, ಡಿಜಿಟಲ್ ಸಹಿಯ ಟೋಕನ್ ಬಳಸಬೇಕು ಅನ್ನುವವರು ವಿಂಡೋಸ್‌ನಲ್ಲೇ ಇರಿ. ಇದರಲ್ಲಿ ಎರಡನೇ ಮಾತಿಲ್ಲ.

ಉಳಿದವರಿಗೆ, ಅದರಲ್ಲೂ ವಿಂಡೋಸ್ ಕೈಗೆ ಹಿಡಿದವರಿಗೆ, ಲಿನಕ್ಸ್ ಮಿಂಟ್ ಹೇಳುತ್ತೇನೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಎಲ್ಲಾ ಅಭ್ಯಾಸದ ಜಾಗದಲ್ಲೇ ಇದೆ. ತೀರಾ ಹಳೇ ಯಂತ್ರಕ್ಕೆ ಅದರದೇ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ.

ಹಾಕುವ ಮೊದಲು ಲೈವ್ ಆಗಿ ಓಡಿಸಿ ನೋಡಿ. ಲೈವ್ ಅಂದರೆ ಡಿಸ್ಕಿಗೆ ಕೈ ಹಚ್ಚದೆ ಪೆನ್‌ಡ್ರೈವ್‌ನಿಂದಲೇ ಓಎಸ್ ನಡೆಸುವುದು. ವೈಫೈ ಹತ್ತುತ್ತದಾ, ದನಿ ಬರುತ್ತದಾ, ಕ್ಯಾಮೆರಾ ಕಾಣುತ್ತದಾ ನೋಡಿ. ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆದೇ ನೋಡಿ. ಹಳೇ ಲೇಸರ್ ಪ್ರಿಂಟರ್‌ಗಳೇ ಕೈ ಕೊಡುವುದು ಜಾಸ್ತಿ. ಎಲ್ಲಾ ಸರಿ ಬಂದ ಮೇಲೆ ಮುಂದಿನ ಮಾತು.

ಕನ್ನಡ ಟೈಪಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನುಡಿಯ ಕೀಲಿಮಣೆ ರೂಢಿ ಇದ್ದವರು ಹೆದರಬೇಕಿಲ್ಲ. ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ 'ಕಗಪ' ಅಂತ ಒಂದು ವಿನ್ಯಾಸ ಇದೆ, ಅದನ್ನು ಸೇರಿಸಿಕೊಳ್ಳಿ, ಬೆರಳಿಗೆ ಪರಿಚಯದ್ದೇ. ಅಕ್ಷರಗಳಿಗೆ ಗುಬ್ಬಿ ಮತ್ತು ನವಿಲು ಅನ್ನುವ ಫಾಂಟ್‌ಗಳು ತಂತ್ರಾಂಶದ ಉಗ್ರಾಣದಲ್ಲೇ ಉಚಿತವಾಗಿ ಸಿಗುತ್ತವೆ.

ಆದರೆ ಒಂದು ಹೊಂಡ ಇದೆ. ಹಳೇ 'ನುಡಿ' ಅಥವಾ 'ಬರಹ' ತಂತ್ರಾಂಶದ ಫಾಂಟ್‌ನಲ್ಲಿ ಬರೆದ ಫೈಲುಗಳು ಯುನಿಕೋಡ್ (ಎಲ್ಲಾ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರ ಕೂರಿಸಿದ ಫೈಲುಗಳು ಅವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಸಂಘದ ನಡಾವಳಿ, ತೋಟದ ಲೆಕ್ಕ, ಬರೆದಿಟ್ಟ ಹಾಡುಗಳು ಹಾಗೆ ಇದ್ದರೆ, ವಿಂಡೋಸ್ ತೆಗೆಯುವ ಮೊದಲೇ ಕುಳಿತು ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆಮೇಲೆ ಅಂದರೆ ಕಷ್ಟ.

ಇನ್‌ಸ್ಟಾಲ್ ಮಾಡುವಾಗ 'ಡಿಸ್ಕ್ ಪೂರ್ತಿ ಅಳಿಸಿ' ಅನ್ನುವ ಆಯ್ಕೆ ಎದುರಿಗೇ ಇರುತ್ತದೆ. ಅದನ್ನು ಒತ್ತಿದರೆ ಡಿ ಡ್ರೈವ್‌ನಲ್ಲಿಟ್ಟ ಮದುವೆ ಫೋಟೊ ಕೂಡ ಹೋಗುತ್ತದೆ. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಇಡಿ. ನಂತರವೇ ಶುರು ಮಾಡಿ.

5. ಡೆಸ್ಕ್‌ಟಾಪ್‌ನಿಂದಲೇ ಸರ್ವರ್ ಕೆಲಸ

ಮನೆಯೊಳಗೆ ಒಂದು ಫೋಲ್ಡರ್ ಹಂಚಿಕೊಳ್ಳಲು ಸರ್ವರ್ ಓಎಸ್ ಬೇಕಾಗಿಲ್ಲ. ವಿಂಡೋಸ್ 11ರ ಹೋಮ್ ಆವೃತ್ತಿಯಲ್ಲೂ ಆಗುತ್ತದೆ. ಒಮ್ಮೆಗೆ 20 ಯಂತ್ರಗಳವರೆಗೆ ಜೋಡಿಸಿಕೊಳ್ಳಬಹುದು. ಮನೆಗೆ ಇನ್ನೆಷ್ಟು ಬೇಕು, ಅಲ್ವಾ? ಲಿನಕ್ಸ್ ಆದರೆ ಸಾಂಬಾ ಹಾಕಿಕೊಳ್ಳಿ. ಲಿನಕ್ಸ್‌ನ ಫೋಲ್ಡರು ವಿಂಡೋಸ್ ಯಂತ್ರಗಳಿಗೂ ಫೋನುಗಳಿಗೂ ಕಾಣುವಂತೆ ಮಾಡುವ ತಂತ್ರಾಂಶ ಅದು. ಟಿವಿಗೆ ಸಿನಿಮಾ ಕಳಿಸಲು ಜೆಲ್ಲಿಫಿನ್ ಇದೆ, ವಿಂಡೋಸ್‌ನಲ್ಲೂ ಓಡುತ್ತದೆ, ಲಿನಕ್ಸ್‌ನಲ್ಲೂ ಓಡುತ್ತದೆ.

ಜನ ಎಡವುವುದು ಒಂದೇ ಕಡೆ. ಡೆಸ್ಕ್‌ಟಾಪ್ ಓಎಸ್ ಸ್ವಲ್ಪ ಹೊತ್ತು ಬಿಟ್ಟರೆ ನಿದ್ದೆಗೆ ಹೋಗುತ್ತದೆ. ಆಗ ಫೋಲ್ಡರು ಕಾಣುವುದಿಲ್ಲ, "ಕೆಟ್ಟುಹೋಯ್ತು" ಅಂದುಕೊಳ್ಳುತ್ತಾರೆ. ಪವರ್ ಸೆಟ್ಟಿಂಗ್‌ಗೆ ಹೋಗಿ ತಾನಾಗೇ ಮಲಗುವುದನ್ನು ನಿಲ್ಲಿಸಿ. ಪರದೆ ಆರಿದರೆ ಅಡ್ಡಿಯಿಲ್ಲ.

6. ಎರಡನೇ ಯಂತ್ರ ಇದ್ದರೆ

ಇಲ್ಲಿ ಸರ್ವರ್ ಓಎಸ್‌ಗೆ ಅರ್ಥ ಇದೆ. ಮೂಲೆಯಲ್ಲಿ ಇರುತ್ತದೆ, ಹಗಲೂ ರಾತ್ರಿ ಓಡುತ್ತದೆ, ಮಾನಿಟರು ಬೇಡ. ಡೆಬಿಯನ್ (ಇದೂ ಉಚಿತ ಲಿನಕ್ಸ್ ಓಎಸ್) ಅಥವಾ ಉಬುಂಟು ಸರ್ವರ್ ಎರಡೂ ಒಳ್ಳೆಯವೇ. ಡೆಬಿಯನ್‌ನ ಹೊಸ ಆವೃತ್ತಿ 13, 2025ರ ಆಗಸ್ಟ್‌ನಲ್ಲಿ ಬಂದದ್ದು. ಅದನ್ನು ಹಾಕುವಾಗ ಡೆಸ್ಕ್‌ಟಾಪ್ ಬೇಕಾ ಅಂತ ಕೇಳುತ್ತದೆ, ಗುರುತು ತೆಗೆದು ಎಸ್‌ಎಸ್‌ಎಚ್‌ಗೆ ಗುರುತು ಹಾಕಿ. ಎಸ್‌ಎಸ್‌ಎಚ್ ಅಂದರೆ ಬೇರೆ ಕಂಪ್ಯೂಟರ್‌ನಿಂದ ಈ ಯಂತ್ರಕ್ಕೆ ಆಜ್ಞೆ ಕೊಡುವ ಭದ್ರ ದಾರಿ. ಆಜ್ಞೆ ಟೈಪ್ ಮಾಡುವುದು ಬೇಡ ಅನ್ನುವವರಿಗೆ ಓಪನ್ ಮೀಡಿಯಾ ವಾಲ್ಟ್ ಇದೆ. ಡೆಬಿಯನ್ ಮೇಲೇ ಕಟ್ಟಿದ್ದು, ಬ್ರೌಸರ್‌ನಲ್ಲಿ ಪುಟ ತೆರೆದು ಎಲ್ಲಾ ನಡೆಸಬಹುದು. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಯಂತ್ರ ಯಾವುದು ಅನ್ನುವುದಕ್ಕೆ ಕರೆಂಟಿನ ಲೆಕ್ಕ ಹಾಕಿ. ಹಳೇ ಡೆಸ್ಕ್‌ಟಾಪ್ 60 ವ್ಯಾಟ್ ಎಳೆಯುತ್ತದೆ ಅನ್ನಿ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ. 43 ಯೂನಿಟ್ ದಾಟಿತು. 10 ವ್ಯಾಟಿನ ಮಿನಿ ಪಿಸಿ ಆದರೆ 7 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ ಇರುವ ಮನೆಯವರು ಇದನ್ನು ಹಗುರ ಮಾಡಬೇಡಿ. ಈಗಾಗಲೇ 170 ಯೂನಿಟ್ ಬರುತ್ತಿದ್ದರೆ ಆ 43 ಸೇರಿ 200 ದಾಟುತ್ತದೆ, ಆಗ ಬಿಲ್ ಪೂರ್ತಿ ನಿಮ್ಮದೇ. ಉಚಿತ ಅಂತ ಹಾಕಿದ ಹಳೇ ಡಬ್ಬಿ ತಿಂಗಳು ತಿಂಗಳೂ ಹಣ ಕೇಳತೊಡಗುತ್ತದೆ.

ಹಳೇ ಲ್ಯಾಪ್‌ಟಾಪ್ ನನ್ನ ಮೆಚ್ಚಿನ ಸರ್ವರ್. ಕರೆಂಟು ಕಡಿಮೆ ತಿನ್ನುತ್ತದೆ, ಬ್ಯಾಟರಿಯೇ ಯುಪಿಎಸ್, ಅಂದರೆ ಕರೆಂಟು ಹೋದರೂ ಯಂತ್ರ ಆರದಂತೆ ನೋಡಿಕೊಳ್ಳುತ್ತದೆ. ಮುಚ್ಚಳ ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಿ. ಆದರೆ ಆರು ತಿಂಗಳಿಗೊಮ್ಮೆ ಅಡಿಮೇಲು ಮಾಡಿ ನೋಡಿ. ಬ್ಯಾಟರಿ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೂಡಲೇ ಆಫ್ ಮಾಡಿ ಬ್ಯಾಟರಿ ತೆಗೆಸಿ. ಬೆಂಕಿಯ ಅಪಾಯ ಅದು.

7. ಮಳೆ, ಸಿಡಿಲು, ಉಪ್ಪುಗಾಳಿ

ಹೊರಗಿನವರು ಬರೆದ ಮಾರ್ಗದರ್ಶಿಗಳಲ್ಲಿ ಈ ಹಂತ ಇರುವುದಿಲ್ಲ. ನಮಗೆ ಇದೇ ದೊಡ್ಡದು.

ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಘಟ್ಟದ ಮೇಲಿನ ಒಂಟಿ ಮನೆಗಳಿಗೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲು ಕೆಡಬಹುದು. ಮನೆಯ ಇನ್ವರ್ಟರ್ ಸಾಕು ಅಂತ ಕೆಲವರು. ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲೇ ಎಷ್ಟೋ ಕಂಪ್ಯೂಟರ್ ಆರಿ ಹತ್ತುತ್ತವೆ. ಹಾಗಾಗಿ ಚಿಕ್ಕದಾದರೂ ಒಂದು ಯುಪಿಎಸ್ ಇರಲಿ. ಯುಎಸ್‌ಬಿ ವೈರು ಇರುವ ಯುಪಿಎಸ್ ಆದರೆ, ಬ್ಯಾಟರಿ ಮುಗಿಯುತ್ತಾ ಬಂದಾಗ ಯಂತ್ರ ತಾನೇ ಸರಿಯಾಗಿ ಆಫ್ ಆಗುವಂತೆ ಮಾಡಬಹುದು. ಲಿನಕ್ಸ್‌ನಲ್ಲಿ ಇದಕ್ಕೆ 'ನಟ್' ಅನ್ನುವ ತಂತ್ರಾಂಶ ಇದೆ.

ಕರೆಂಟು ಬಂದ ಮೇಲೆ ಯಂತ್ರ ತಾನಾಗೇ ಏಳಬೇಕು. ಅದು ಓಎಸ್ ಕೆಲಸ ಅಲ್ಲ, ಬಯಾಸ್ ಕೆಲಸ. ಬಯಾಸ್ ಅಂದರೆ ಕಂಪ್ಯೂಟರ್ ಹಾಕಿದ ಕೂಡಲೇ, ಓಎಸ್‌ಗಿಂತ ಮೊದಲು ಓಡುವ ತಂತ್ರಾಂಶ. ಅದರ ಪವರ್ ವಿಭಾಗದಲ್ಲಿ ಕರೆಂಟು ಹೋಗಿ ಬಂದಾಗ ಏನು ಮಾಡಬೇಕು ಅನ್ನುವ ಸಾಲು ಇರುತ್ತದೆ. ಅಲ್ಲಿ 'ಆನ್' ಅಂತ ಇಡಿ. ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಹೆಚ್ಚಾಗಿ ಇರುವುದಿಲ್ಲ.

ಸಿಡಿಲಿನ ಕಾಲ ಏಪ್ರಿಲ್ ಮೇ ತಿಂಗಳು, ಮತ್ತೆ ಅಕ್ಟೋಬರ್ ಸುಮಾರಿಗೆ. ಮಧ್ಯಾಹ್ನ ಮೋಡ ಕಪ್ಪಾಗಿ ಗುಡುಗು ಶುರುವಾಯಿತು ಅಂದರೆ ಪ್ಲಗ್ಗು ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನೆಟ್‌ವರ್ಕ್ ವೈರನ್ನೂ ತೆಗೆಯಿರಿ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಫೈಬರ್ ಎಳೆ ಗಾಜಿನದು, ಅದರೊಳಗೆ ವಿದ್ಯುತ್ ಹರಿಯುವುದಿಲ್ಲ. ಆದರೆ ಫೈಬರ್ ಡಬ್ಬಿಗೆ ಗೋಡೆಯಿಂದ ಕರೆಂಟು ಬರುತ್ತದೆ, ಅಲ್ಲಿಂದ ತಾಮ್ರದ ವೈರಿನಲ್ಲಿ ಕಂಪ್ಯೂಟರ್‌ವರೆಗೂ ಬರಬಹುದು. ಮನೆಯಿಂದ ಅಡಿಕೆ ಗೋದಾಮಿಗೆ, ಕೊಟ್ಟಿಗೆಗೆ ಅಂತ ಹೊರಗೆ ತಾಮ್ರದ ನೆಟ್‌ವರ್ಕ್ ವೈರು ಎಳೆಯಲೇಬೇಡಿ.

ಕಾರವಾರ, ಅಂಕೋಲಾ, ಹೊನ್ನಾವರದ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ರ್‍ಯಾಮ್ ಮತ್ತು ವೈರಿನ ತುದಿಗಳು ಕಪ್ಪಾಗುತ್ತವೆ. ಶಿರಸಿ, ಯಲ್ಲಾಪುರದ ಕಡೆ ಮಳೆಗಾಲಕ್ಕೆ ಬೂಷ್ಟು. ಕಿಟಕಿಯಿಂದ ದೂರ, ನೆಲದಿಂದ ಮೇಲೆ ಇಡಿ. ಓಡುವ ಯಂತ್ರಕ್ಕೆ ಪ್ಲಾಸ್ಟಿಕ್ ಮುಚ್ಚಬೇಡಿ. ಮಳೆಗಾಲ ಪೂರ್ತಿ ಆಫ್ ಇಟ್ಟು ಮುಚ್ಚಿಟ್ಟ ಯಂತ್ರಕ್ಕಿಂತ ದಿನಾ ಓಡಿ ಬೆಚ್ಚಗಿರುವ ಯಂತ್ರ ಒಣಗಿರುತ್ತದೆ.

8. ಹೊರಗಿನಿಂದ ತೆರೆಯುವುದು, ನಕಲು ಇಡುವುದು

ಬೆಂಗಳೂರಿನಲ್ಲಿರುವ ಮಗಳು ಊರಿನ ಸರ್ವರ್‌ನ ಫೋಟೊ ನೋಡಬೇಕು ಅನ್ನುತ್ತಾಳೆ. ರೂಟರ್‌ನಲ್ಲಿ ಪೋರ್ಟ್ ತೆರೆಯಿರಿ ಅಂತ ಸಲಹೆ ಸಿಗುತ್ತದೆ. ತೆರೆಯಬೇಡಿ. ಪೋರ್ಟ್ ಅಂದರೆ ಹೊರಜಗತ್ತಿಗೆ ತೆಗೆದಿಟ್ಟ ಬಾಗಿಲು, ಅದನ್ನು ತಟ್ಟುವವರು ಸದಾ ಇರುತ್ತಾರೆ. ಅಲ್ಲದೆ ಎಷ್ಟೋ ಮನೆ ಸಂಪರ್ಕಗಳಲ್ಲಿ ಒಂದೇ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚಿರುತ್ತಾರೆ, ತೆರೆದರೂ ಕೆಲಸ ಆಗುವುದಿಲ್ಲ. ಟೇಲ್‌ಸ್ಕೇಲ್ ಹಾಕಿಕೊಳ್ಳಿ. ನಿಮ್ಮ ಯಂತ್ರಗಳ ನಡುವೆ ಮಾತ್ರ ಗುಪ್ತವಾದ ದಾರಿ ಮಾಡಿಕೊಡುತ್ತದೆ.

ಎರಡು ಡಿಸ್ಕ್ ಜೋಡಿಸಿ ರೇಡ್ ಮಾಡಿದ್ದೇನೆ, ಇನ್ನು ಬ್ಯಾಕಪ್ ಬೇಡ ಅನ್ನಬೇಡಿ. ಇಲ್ಲಿ ರೇಡ್ ಅಂದರೆ ಒಂದೇ ಮಾಹಿತಿ ಎರಡೂ ಡಿಸ್ಕಿಗೆ ಬರೆಯುವುದು. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲೂ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೂರು ತಿಂಗಳಿಗೊಮ್ಮೆ ಒಂದು ಹೊರ ಡಿಸ್ಕಿಗೆ ನಕಲು ಮಾಡಿ ನೆಂಟರ ಮನೆಯಲ್ಲಿ ಇಟ್ಟು ಬನ್ನಿ. ಮಳೆಗಾಲಕ್ಕೆ ಮೊದಲು ಒಂದು ಸಲ ತಪ್ಪದೆ ಮಾಡಿ.

ಎಲ್ಲಾ ಆದ ಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿ. ಮನೆಯ ಮೇನ್ ಸ್ವಿಚ್ ತೆಗೆಯಿರಿ. ಯುಪಿಎಸ್ ಸದ್ದು ಮಾಡುತ್ತದೆ, ಸ್ವಲ್ಪ ಹೊತ್ತಿಗೆ ಯಂತ್ರ ತಾನೇ ಆಫ್ ಆಗಬೇಕು. ಯುಪಿಎಸ್ ಕೂಡ ಪೂರ್ತಿ ಆರುವವರೆಗೆ ಕಾಯಿರಿ. ಇನ್ನು ಹತ್ತು ನಿಮಿಷ ಬಿಟ್ಟು ಮೇನ್ ಹಾಕಿ. ಯಂತ್ರಕ್ಕೆ ಕೈ ಹಚ್ಚಬೇಡಿ. ಅದು ತಾನೇ ಎದ್ದು, ಜಗಲಿಯಲ್ಲಿ ಕೂತ ನಿಮ್ಮ ಫೋನಿನಲ್ಲಿ ಫೋಟೊ ಫೋಲ್ಡರ್ ತೆರೆಯಿತು ಅಂದರೆ, ಮಾನಿಟರು ಕೀಬೋರ್ಡು ಬಿಚ್ಚಿ ಒಳಗೆ ಇಡಬಹುದು.